ಸೂಪರ್ ಸ್ಪೆಷಾಲಿಟಿ ಬಂದೇ ಬಿಟ್ಟಿತು!

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಮನವಿ ಕೊಟ್ಟು, 2022ರಲ್ಲಿ ಟ್ವಿಟರ್ ಅಭಿಯಾನವನ್ನೂ ನಡೆಸಿ ದಣಿದವರಿಗೆ ಸಂತಸದ ಸುದ್ದಿ. ಆಸ್ಪತ್ರೆಯ ಮಾತು ಹಾಗಿರಲಿ, ಅದರಲ್ಲಿ ಠಿಕಾಣಿ ಹೂಡಬೇಕಾದ, ಆ್ಯಂಟಿಬಯಾಟಿಕ್ ಔಷಧಗಳಿಗೂ ಬಗ್ಗದ ಸೂಪರ್ ಬ್ಯಾಕ್ಟೀರಿಯಾಗಳ ತಯಾರಿ ಭರದಿಂದ ಸಾಗಿದೆ. ಶಂಕುಸ್ಥಾಪನೆ ಬೇಡ, ಟೆಂಡರ್ ಬೇಡ, ಅರಣ್ಯ ಇಲಾಖೆಯ ತಕರಾರೂ ಇಲ್ಲ.

ಪ್ರಾಥಮಿಕ ಶಿಕ್ಷಣ ಮೆಡಿಕಲ್ ಶಾಪಿನಲ್ಲಿ. ಶಿರಸಿಯ ಮಳೆಗೆ ಮೂಗು ಸೋರಿತೋ, "ಹೆಗಡೆಯವರೇ, ಹೋದ ಸಲದ ಸ್ಟ್ರಾಂಗ್ ಮಾತ್ರೆಯನ್ನೇ ಕೊಡಿ, ಎರಡು ಸಾಕು." ನೆಗಡಿ ವೈರಸ್‌ನದು, ಆ್ಯಂಟಿಬಯಾಟಿಕ್‌ಗೆ ಅದು ಕ್ಯಾರೇ ಎನ್ನುವುದಿಲ್ಲ. ಆದರೂ ಹೆಗಡೆಯವರ ಕತ್ತರಿ ಆಡುತ್ತದೆ. ಎಂಥ ಕೈಚಳಕವೆಂದರೆ, ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆನ್ನುವ ಎಚ್1 ಎಚ್ಚರಿಕೆ ಎಲ್ಲವೂ ಉಳಿದ ತುಂಡಿನಲ್ಲಿರುತ್ತವೆ. ಕಾನೂನು ಅಂಗಡಿಯಲ್ಲಿ, ಮಾತ್ರೆ ಮನೆಯಲ್ಲಿ. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್ ಮಾರಿದರೆ ವೈದ್ಯರ, ರೋಗಿಯ ಹೆಸರು ಬರೆದ ವಹಿಯನ್ನು ಮೂರು ವರ್ಷ ಕಾಪಾಡಬೇಕೆಂಬ ನಿಯಮ 2014ರಿಂದಲೇ ಇದೆ. ಖಾಲಿ ವಹಿಯನ್ನು ಕಾಪಾಡುವುದು ಇನ್ನೂ ಸುಲಭ.

ಇತ್ತ ನೆಗಡಿ ತನ್ನ ಪಾಡಿಗಿರುತ್ತದೆ, ಪಾಠ ನಡೆಯುವುದು ಕರುಳಿನಲ್ಲಿ. ಮೆತ್ತನೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಔಷಧವನ್ನು ಕಿಣ್ವದಿಂದ ತುಂಡರಿಸುವ, ಒಳಬಂದದ್ದನ್ನು ಪಂಪ್ ಮಾಡಿ ಹೊರಗಟ್ಟುವ ಗಟ್ಟಿಗರು ಉಳಿಯುತ್ತಾರೆ. ಅನುಕೂಲವಾದರೆ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿ. ಕಲಿತ ವಿದ್ಯೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಪಕ್ಕದವನಿಗೂ, ಅನ್ಯಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ಜಿಲ್ಲೆಯಲ್ಲಿ ಜಾತಿ ಕೇಳದೆ ಇಷ್ಟು ಧಾರಾಳವಾಗಿ ವಿದ್ಯಾದಾನ ಮಾಡುವವರು ಬೇರೆ ಸಿಕ್ಕರೆ ತಿಳಿಸಿ.

ಉನ್ನತ ವ್ಯಾಸಂಗಕ್ಕೆ ಐಸಿಯು. ಅಲ್ಲಿ ಮೆರೊಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್‌ನ ಪರೀಕ್ಷೆ, ಅದನ್ನೂ ದಾಟಿದವರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್. ಹಾಸಿಗೆಯಿಂದ ಹಾಸಿಗೆಗೆ ಓಡಾಡಲು ತೊಳೆಯದ ಕೈಗಳ ಉಚಿತ ಸಾರಿಗೆ. ಗೋಡೆಯ ಮೇಲೆ ‘ಕೈ ತೊಳೆಯಿರಿ’ ಫಲಕ ಹೊಳೆಯುತ್ತಿರುತ್ತದೆ. ಕೆಳಗಿನ ಬಾಟಲಿ ಒತ್ತಿದರೆ ಬರುವುದು ಬರೀ ಗಾಳಿ. ನೆಂಟರು ರೋಗಿಯ ಮಂಚದ ಮೇಲೆಯೇ ಕುಳಿತು, ಕ್ಯಾಥೆಟರ್ ನಳಿಕೆಯನ್ನು ಪಕ್ಕಕ್ಕೆ ಸರಿಸಿ, ಅದೇ ಕೈಯಲ್ಲಿ ಗಂಜಿ ಕುಡಿಸುತ್ತಾರೆ. ಪ್ರೀತಿಗೆ ಸೋಪು ಹಚ್ಚಲಾದೀತೇ?

ಮೆರೊಪೆನೆಮ್‌ನ ಬಳಗವಾದ ಕಾರ್ಬಪೆನೆಮ್‌ಗಳನ್ನೇ ಮುರಿಯುವ ಎನ್‌ಡಿಎಂ-1 (‘ನ್ಯೂ ಡೆಲ್ಲಿ’ಯಿಂದ ಶುರುವಾಗುವ ಹೆಸರು) ಕಿಣ್ವ 2010ರಲ್ಲಿ ದೊಡ್ಡ ಸುದ್ದಿಯಾದಾಗ ದೇಶಕ್ಕೆ ಕಿಣ್ವಕ್ಕಿಂತ ಅದರ ಹೆಸರಲ್ಲಿದ್ದ ನವದೆಹಲಿಯೇ ಹೆಚ್ಚು ಉರಿಯಿತು. ನಾಳೆ ಕಾರವಾರದ ಹೆಸರಿನಲ್ಲೊಂದು ಬಂದರೆ ನಾವೇನು ಸುಮ್ಮನಿರುತ್ತೇವೆಯೇ? ಜಿಲ್ಲಾ ಬಂದ್ ಖಂಡಿತ. ಮೆಡಿಕಲ್ ಶಾಪ್‌ಗಳಿಗೆ ವಿನಾಯಿತಿ ಇರುತ್ತದೆ.