ಭುಜ ನೋವಿನ ಆ ಮೆಸೇಜ್ ನನ್ನದೇ, ಅದು ತಪ್ಪು

‘ಭಾರ ಎತ್ತಿ ಭುಜ ನೋವಾದರೆ ಎರಡು ತಿಂಗಳು ಕೈ ಕೊರಳಿಗೆ ಕಟ್ಟಿಕೊಂಡು ಅಲ್ಲಾಡಿಸದೆ ಇರಿ’ ಅಂತ ಬಳ್ಳಾರಿಯ ಜಿಮ್ ಗ್ರೂಪುಗಳಲ್ಲಿ ಓಡಾಡುತ್ತಿದೆ ಅಲ್ವಾ, ಅದನ್ನು ಬರೆದವನು ನಾನೇ. ತಪ್ಪು. ನಾನು ಹಾಗೇ ಮಾಡಿದೆ, ನೋವು ಹೋಗಲಿಲ್ಲ, ತಲೆ ಬಾಚಲೂ ಆಗದಷ್ಟು ಕೀಲು ಬಿಗಿಯಿತು. ಭುಜದ ಕೀಲನ್ನು ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳು. ಮೂಳೆ ಮುರಿಯದೆ, ಕೀಲು ತಪ್ಪದೆ, ಸ್ನಾಯು ಹರಿಯದೆ ಇದ್ದರೆ ಭಾರ ಇಳಿಸಿ, ತಡೆಯುವಷ್ಟು ನೋವಿನಲ್ಲೇ ಕೈ ಆಡಿಸುತ್ತಾ ಇರಬೇಕು ಅಂತ ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟರು. ರಬ್ಬರ್ ಪಟ್ಟಿ ಎಳೆಯುವ ಕಸರತ್ತು, ನಾಚಿಕೆ ಆಗುವಷ್ಟು ಹಗುರ! ಆದರೂ ಸುಮಾರು 12 ವಾರ ಬಿಡದೆ ಮಾಡಬೇಕು. ಪೆಟ್ಟಾದ ಮೇಲೆ ಕೈ ಎತ್ತಲೇ ಆಗದಿದ್ದರೆ, ಜೋಮು ಹಿಡಿದರೆ ಕಾಯಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.