ಮಿಸ್ಟರ್ ತಿಪಟೂರು

ಬಿ.ಕಾಂ. ಪಾಸಾದ ಮೇಲೆ ನಾನು ಒಂಬತ್ತು ತಿಂಗಳು ಅಟ್ಟದ ಮೇಲಿದ್ದೆ.

ನಿಜವಾದ ಅಟ್ಟವಲ್ಲ, ಅದು ಅಪ್ಪನ ಮಾತು. ನಮ್ಮ ತಿಪಟೂರು ಕಡೆ ತೆಂಗಿನಕಾಯಿ ಉಂಡೆ ಕೊಬ್ಬರಿ ಆಗಬೇಕಾದರೆ ಅದನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಆರಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಲೆಕ್ಕ. ಮನೆಗೆ ಬಂದವರು "ಮಗ ಏನ್ ಮಾಡ್ತಿದಾನೆ?" ಎಂದು ಕೇಳಿದರೆ ಅಪ್ಪ "ಅಟ್ಟದ ಮೇಲಿದಾನೆ, ಇನ್ನೂ ನೀರು ಆರಿಲ್ಲ" ಎನ್ನುತ್ತಿದ್ದರು. ಒಬ್ಬಿಬ್ಬರು ತಲೆ ಎತ್ತಿ ಮೇಲೆ ನೋಡಿದ್ದೂ ಉಂಟು.

ಅಪ್ಪನ ಕಾಲದಲ್ಲಿ ಕೆಲಸ ಹುಡುಕುವುದಕ್ಕೆ ಒಂದು ಕ್ರಮ ಇತ್ತು. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಬೇಕು, ಕಾರ್ಡು ಇಸ್ಕೊಬೇಕು, ಮೂರು ವರ್ಷಕ್ಕೊಮ್ಮೆ ಮರೆಯದೆ ರಿನ್ಯೂ ಮಾಡಿಸಬೇಕು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬಯೋಡೇಟಾ ಹೊಡೆಸಬೇಕು. ಮಾರ್ಕ್ಸ್ ಕಾರ್ಡಿನ ನಕಲು ಹಿಡಿದು ಗೆಜೆಟೆಡ್ ಆಫೀಸರ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕು. ಅವರು ಊಟ ಮುಗಿಸಿ ಬಂದು ಹಸಿರು ಇಂಕಿನಲ್ಲಿ ಸಹಿ ಹಾಕಿದರೆ ಮಾತ್ರ ನೀನು ನೀನೇ ಎಂದು ಖಾತ್ರಿ. "ನಿಮಗೇನಪ್ಪ, ಕೂತಲ್ಲೇ ಬಟನ್ ಒತ್ತಿದ್ರೆ ಆಯ್ತು" ಎನ್ನುವುದು ಅಪ್ಪನ ದೂರು. ನಾನು ಕೂತಲ್ಲೇ ನೂರಾ ಹನ್ನೆರಡು ಸಲ ಬಟನ್ ಒತ್ತಿದ್ದೆ. ಬಂದದ್ದು ಒಂದೇ ಜಾತಿಯ ಉತ್ತರ. ನಿಮ್ಮ ಅರ್ಜಿ ತಲುಪಿದೆ, ದಯವಿಟ್ಟು ಈ ವಿಳಾಸಕ್ಕೆ ಮರುಉತ್ತರ ಬರೆಯಬೇಡಿ.

ನನ್ನ ರೆಸ್ಯೂಮೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಅದನ್ನು ಮಾಡಿಕೊಟ್ಟವರು ಬಸ್ ಸ್ಟ್ಯಾಂಡ್ ಪಕ್ಕದ ಝೆರಾಕ್ಸ್ ಅಂಗಡಿ ಅಣ್ಣ. ಲಗ್ನಪತ್ರಿಕೆ, ತಿಥಿ ಕಾರ್ಡು, ಗಣೇಶೋತ್ಸವದ ಫ್ಲೆಕ್ಸು ಎಲ್ಲಾ ಮಾಡುವ ಕೈ. ಹೊಸ ಕೆಲಸ ಬಂತೆಂದು ಕೈಯನ್ನು ಬದಲಿಸಿಕೊಳ್ಳುವ ಆಸಾಮಿ ಅವರಲ್ಲ. ಹಾಗಾಗಿ ನನ್ನ ರೆಸ್ಯೂಮೆಗೆ ಸುತ್ತಲೂ ಮಾವಿನೆಲೆಯ ಬಾರ್ಡರ್ ಬಂತು. ಮೇಲೆ ನಡುವೆ ಪುಟ್ಟದಾಗಿ ಶ್ರೀ. ಅದರ ಕೆಳಗೆ ಕನ್ನಡದಲ್ಲಿ, ಬಳುಕುವ ಅಕ್ಷರದಲ್ಲಿ ನನ್ನ ಹೆಸರು. ಬಲಕ್ಕೆ ದುಂಡಗೆ ಕತ್ತರಿಸಿದ ಫೋಟೋ. ಫೋಟೋದಲ್ಲಿ ಕೋಟು. ಆ ಕೋಟು ನನ್ನದಲ್ಲ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಎಲ್ಲರಿಗೂ ತೊಡಿಸುವ ಕೋಟು ಅದು. ನಮ್ಮ ಬ್ಯಾಚಿನ ಹದಿನೇಳು ಜನ ಅದೇ ಕೋಟಿನಲ್ಲಿದ್ದೇವೆ. ನೂರೈವತ್ತು ರೂಪಾಯಿ ತೆಗೆದುಕೊಂಡು ಅಣ್ಣ ಪ್ರಿಂಟ್ ಕೈಗಿಟ್ಟಾಗ ಅಮ್ಮ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಲು ಹೊರಟಿದ್ದಳು.

ಒಳಗಿನ ಬರಹ ನನ್ನದು ಎಂದು ಹೇಳುವಂತಿಲ್ಲ. ಅಣ್ಣನ ಕಂಪ್ಯೂಟರಿನಲ್ಲಿ ಯಾವುದೋ ಕಾಲದ ಒಂದು ಫೈಲ್ ಇತ್ತು. ಬಂದವರೆಲ್ಲ ಅದರಲ್ಲೇ ಹೆಸರು, ಅಂಕ, ಅಪ್ಪನ ಹೆಸರು ಬದಲಿಸಿಕೊಂಡು ಹೋಗುವುದು. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಜೊತೆ ತಾನೂ ಬೆಳೆಯುವುದು ತಿಪಟೂರಿನ ಅಷ್ಟೂ ಪದವೀಧರರ ಒಂದೇ ಗುರಿ ಆಗಿದ್ದು ಹೀಗೆ. ಕೊನೆಗೆ, ಮೇಲಿನ ವಿವರಗಳೆಲ್ಲ ನಾನು ತಿಳಿದ ಮಟ್ಟಿಗೆ ಸತ್ಯ ಎಂಬ ಪ್ರಮಾಣ ಬೇರೆ. ನಾನು ತಿಳಿದೂ ಇರಲಿಲ್ಲ, ಓದಿಯೂ ಇರಲಿಲ್ಲ. ಸಹಿ ಮಾತ್ರ ಚೆನ್ನಾಗಿ ಹಾಕಿದ್ದೆ.

ಆ ಒಂಬತ್ತನೇ ತಿಂಗಳಲ್ಲಿ ಬೆಂಗಳೂರಿನಿಂದ ಅತ್ತೆ ಮಗಳು ಹಬ್ಬಕ್ಕೆ ಬಂದಳು. ಅವಳು ಒಂದು ಕಂಪನಿಯಲ್ಲಿ ಇಂಥ ಅರ್ಜಿಗಳನ್ನೇ ನೋಡುವ ಕೆಲಸದಲ್ಲಿದ್ದಳು. ನನ್ನ ಫೈಲ್ ತೆರೆದು ನೋಡಿ "ಯಾರ ಮದುವೆನೋ?" ಎಂದಳು. ಆಮೇಲೆ ಒಂದು ಪರೀಕ್ಷೆ ಮಾಡಿ ತೋರಿಸಿದಳು. ಪಿಡಿಎಫ್ ಒಳಗಿರುವುದನ್ನೆಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಸುಮ್ನೆ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡು. ಅಲ್ಲಿ ಏನು ಕಾಣುತ್ತದೋ ಕಂಪನಿಯ ಕಂಪ್ಯೂಟರಿಗೂ ಹೆಚ್ಚುಕಮ್ಮಿ ಅಷ್ಟೇ ಕಾಣುವುದು.

ಪೇಸ್ಟ್ ಮಾಡಿದೆ. ಒಂದೇ ಒಂದು ಸಾಲು ಬಂತು. ಅದರಲ್ಲಿ ತಲೆ ಮೇಲೆ ಗೀಟು, ಚುಕ್ಕೆ ಹೊತ್ತ ಯಾವ ದೇಶದ್ದೋ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಇಂಗ್ಲೆಂಡಿನ ದುಡ್ಡಿನ ಪೌಂಡ್!

"ಅದು ನಿನ್ನ ಹೆಸರು" ಎಂದಳು.

ಆದದ್ದು ಇಷ್ಟು. ಅಣ್ಣ ಒಳಗಿನ ಬರಹವನ್ನೆಲ್ಲ ಬಾರ್ಡರಿನ ಜೊತೆ ಸೇರಿಸಿ ಒಂದು ಚಿತ್ರ ಮಾಡಿಬಿಟ್ಟಿದ್ದರು. ನಮಗೆ ಅದು ಅಕ್ಷರ, ಕಂಪ್ಯೂಟರಿಗೆ ಬರೀ ಬಣ್ಣ. ಚಿತ್ರವಾಗದೆ ಉಳಿದದ್ದು ಮೇಲಿನ ಕನ್ನಡದ ಹೆಸರೊಂದೇ. ಅದು ಹಳೆಯ ನುಡಿ ಫಾಂಟಿನಲ್ಲಿತ್ತು. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಓಡುವುದು ಅದೇ. ಅದರಲ್ಲಿ ಪರದೆ ಮೇಲೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡ್ ಅಲ್ಲವಾದ್ದರಿಂದ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಅಲ್ಲಿ ನ ಅಕ್ಷರ ಇದ್ದ ಕಡೆಯೆಲ್ಲ ಪೌಂಡ್ ಚಿಹ್ನೆ ಬರುತ್ತದೆ. ನಮ್ಮ ಮನೆತನದಲ್ಲಿ ಎಲ್ಲರ ಹೆಸರಲ್ಲೂ ನ ಜಾಸ್ತಿ. ಬೇರೆಲ್ಲೂ ಪೌಂಡ್ ನೋಡದ ವಂಶ.

ಕಂಪನಿಗಳಲ್ಲಿ ಎಟಿಎಸ್ ಎಂಬ ತಂತ್ರಾಂಶ ಇರುತ್ತದೆ ಎಂದು ಅವಳೇ ಹೇಳಿದಳು. ಅದು ಯಾರನ್ನೂ ಬೈದು ಕಳಿಸುವುದಿಲ್ಲ, ಪಾಪ. ರೆಸ್ಯೂಮೆಯನ್ನು ಓದಿ ಹೆಸರು, ಓದು, ಅನುಭವ ಎಂದು ಬೇರೆಬೇರೆ ಡಬ್ಬಿಗೆ ಹಾಕಿಡುತ್ತದೆ. ಕೆಲಸಕ್ಕೆ ಜನ ಬೇಕಾದವರು ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ ಎಂದು ಹುಡುಕಿದಾಗ ಆ ಪದ ಇದ್ದವರನ್ನು ಎತ್ತಿ ಕೊಡುತ್ತದೆ. ನೂರಾ ಹನ್ನೆರಡು ಕಂಪನಿಗಳ ಡಬ್ಬಿಯಲ್ಲಿ ನಾನು ಹೋಗಿ ಕೂತಿದ್ದೆ, ಕೈಯಲ್ಲಿ ಮೂರು ಪೌಂಡ್ ಮಾತ್ರ ಹಿಡಿದುಕೊಂಡು.

ಅವತ್ತು ರಾತ್ರಿಯೇ ಶ್ರೀ, ಮಾವಿನೆಲೆ, ಕೋಟು ಎಲ್ಲಾ ತೆಗೆದು ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದ ರೆಸ್ಯೂಮೆ ಮಾಡಿದೆವು. ನೋಡಲು ಕರೆಂಟ್ ಬಿಲ್ ಥರ ಇತ್ತು. ಉದ್ಯೋಗದ ಪೋರ್ಟಲ್‌ಗಳಲ್ಲಿ ದಿನಾ ಬೆಳಿಗ್ಗೆ ಪ್ರೊಫೈಲಿನಲ್ಲಿ ಏನಾದರೂ ಸಣ್ಣದು ತಿದ್ದಿ ಸೇವ್ ಮಾಡು, ಹೊಸದಾಗಿ ಅಪ್‌ಡೇಟ್ ಆದವರು ಮೇಲೆ ಬರುತ್ತಾರೆ ಎಂದಳು. ನಾನು ಸೋಮವಾರ ಒಂದು ಫುಲ್‌ಸ್ಟಾಪ್ ತೆಗೆಯುತ್ತಿದ್ದೆ, ಮಂಗಳವಾರ ವಾಪಸ್ ಇಡುತ್ತಿದ್ದೆ. ಆ ಒಂದು ಫುಲ್‌ಸ್ಟಾಪಿನ ಮೇಲೆ ಎರಡು ವಾರ ಸಂಸಾರ ನಡೆಯಿತು.

ಇಷ್ಟರ ನಡುವೆ ಹೆಸರಿನ ತಕರಾರು. ಎಲ್ಲಾ ಫಾರಮ್ಮಿನಲ್ಲೂ ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಮನೆ. ಲಾಸ್ಟ್ ನೇಮಿಗೆ ಕೆಂಪು ಚುಕ್ಕಿ ಇಟ್ಟಿರುತ್ತಾರೆ, ತುಂಬದಿದ್ದರೆ ಮುಂದೆ ಬಿಡುವುದಿಲ್ಲ. ನಮ್ಮ ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಲಾಸ್ಟ್ ನೇಮ್ ಎಂಬ ಪದಾರ್ಥವೇ ಇಲ್ಲ. ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಕೊನೆಗೆ ನಾವು. ಸರ್ ಎಂ.ವಿ. ಅವರ ಎಂ. ಕೂಡ ಊರೇ ತಾನೇ, ಮೋಕ್ಷಗುಂಡಂ. ಹಿರಿಯರ ಊರು ಅದು, ಅವರು ಹುಟ್ಟಿದ್ದು ಮುದ್ದೇನಹಳ್ಳಿ. ಇವತ್ತು ಅವರು ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದರೆ ಕಾಲ್ ಸೆಂಟರಿನ ಹುಡುಗಿ "ಹಲೋ ಮಿಸ್ಟರ್ ಮೋಕ್ಷಗುಂಡಂ" ಎನ್ನುತ್ತಿದ್ದಳು. ನನಗಂತೂ ಇದು ಪ್ಯಾನ್ ಕಾರ್ಡಿನಲ್ಲೇ ಆಗಿಹೋಗಿತ್ತು. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಸರ್‌ನೇಮ್ ಬೇಕೇ ಬೇಕು. ಅರ್ಜಿ ತುಂಬಿದವರು ಅದೇ ಝೆರಾಕ್ಸ್ ಅಣ್ಣ. ಟಿ. ಅಂದರೆ ಏನು ಎಂದರು, ತಿಪಟೂರು ಎಂದೆ. ಮುಗೀತು. ಊರು ನನ್ನ ಮನೆತನವಾಯಿತು. ಪ್ಯಾನಿಗೆ ಹೊಂದಬೇಕೆಂದು ಎಲ್ಲಾ ಕಡೆ ನಾನೂ ಹಾಗೇ ತುಂಬುತ್ತಾ ಹೋದೆ.

ಫೋನ್ ಬಂದದ್ದು ಚಿಕ್ಕಪ್ಪನ ಮನೆ ಗೃಹಪ್ರವೇಶದ ದಿನ. ಎರಡನೇ ಪಂಕ್ತಿ ಕೂತಿತ್ತು. ನನ್ನ ಕೈಯಲ್ಲಿ ಸಾರಿನ ಬಕೆಟ್ಟು, ಹಿಂದೆ ವಾಲಗ, ಮುಂದೆ "ಸಾರು ಇಲ್ಲಿ, ಸಾರು ಇಲ್ಲಿ" ಎನ್ನುವ ನೆಂಟರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ. ಇಂಗ್ಲಿಷಿನಲ್ಲಿ ಒಂದು ಹೆಣ್ಣು ದನಿ. "ಮಿಸ್ಟರ್ ತಿಪಟೂರು ಅವರಾ ಮಾತಾಡ್ತಿರೋದು?"

ತಿಪಟೂರು ಎಂಬ ಮನುಷ್ಯ ನನಗೆ ಗೊತ್ತಿರಲಿಲ್ಲ. ಅಲ್ಲದೆ ಗೊತ್ತಿಲ್ಲದ ನಂಬರಿನಿಂದ ಇಷ್ಟು ಮರ್ಯಾದೆಯಾಗಿ ಮಾತಾಡುವವರು ಯಾರು, ನೀವೇ ಹೇಳಿ. "ಲೋನ್ ಬೇಡಮ್ಮ" ಎಂದು ಇಟ್ಟುಬಿಟ್ಟೆ.

ಮತ್ತೆ ಬಂತು. "ಬೇಡ ಅಂದ್ನಲ್ಲಮ್ಮ, ಕ್ರೆಡಿಟ್ ಕಾರ್ಡೂ ಬೇಡ."

ಮೂರನೇ ಸಲ ಆಕೆ ಕನ್ನಡಕ್ಕೆ ಬಂದರು. "ಸರ್, ಕೆಲಸನೂ ಬೇಡ್ವಾ?"

ಕೈಯಲ್ಲಿದ್ದ ಸೌಟು ನಿಂತಿತು. ಅದು ನಿಂತ ಜಾಗ ಸರಿಯಿರಲಿಲ್ಲ. ದೊಡ್ಡಪ್ಪನ ಎಲೆಯಲ್ಲಿದ್ದ ಹೋಳಿಗೆ ಪೂರ್ತಿ ಸಾರಿನಲ್ಲಿ ತೇಲಿತು. ದೊಡ್ಡಪ್ಪ ಇವತ್ತಿಗೂ ನನ್ನ ಕೆಲಸದ ಬಗ್ಗೆ ಮಾತು ಬಂದರೆ ಮೊದಲು ಹೋಳಿಗೆ ಬಗ್ಗೆ ಹೇಳುತ್ತಾರೆ.

ಇಂಟರ್‌ವ್ಯೂ ವೈಟ್‌ಫೀಲ್ಡಿನಲ್ಲಿ, ಹನ್ನೊಂದು ಗಂಟೆಗೆ. ಅಲ್ಲಿಗೆ ಮೆಟ್ರೋ ಬಂದದ್ದು 2023ರಲ್ಲಿ. ನಾನು ಹೋದಾಗ ಇದ್ದದ್ದು ಮೆಜೆಸ್ಟಿಕ್ಕಿನಿಂದ 335ಇ ಬಸ್ಸು. ಬೆಳಗಿನ ಜಾವ ರೈಲು ಹತ್ತುವಾಗ ನನ್ನ ಶರ್ಟಿನ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಮಾರತ್‌ಹಳ್ಳಿ ಹೊತ್ತಿಗೆ ಒಂದು ತೋಳು ನನ್ನ ವಶದಲ್ಲೇ ಇರಲಿಲ್ಲ, ಅದು ಯಾರದೋ ಬ್ಯಾಗಿನ ಪಟ್ಟಿಯ ಕೆಳಗೆ ಸಿಕ್ಕಿಕೊಂಡಿತ್ತು. ಇಳಿಯುವಾಗ ಗುಂಡಿ ಒಂದು ಕಮ್ಮಿ. ಅದನ್ನು ಮುಚ್ಚಲು ಫೈಲನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಒಳಗೆ ಹೋದೆ. ಕೂತ ಮೇಲೂ ಬಿಡಲಿಲ್ಲ.

ಮೇಜಿನ ಆಚೆ ಇಬ್ಬರು. ಒಬ್ಬರು ಮೇಡಂ, ಒಬ್ಬರು ವಯಸ್ಸಾದ ಸರ್. ಮೇಡಂ ಮೊದಲು ಲೆಕ್ಕಪತ್ರದ ಬಗ್ಗೆ ಕೇಳಿದರು. ಕಂಟ್ರಾಕ್ಟರ್‌ಗೆ ದುಡ್ಡು ಕೊಡುವಾಗ ಟಿಡಿಎಸ್ ಎಷ್ಟು ಹಿಡೀತೀರಿ? ಇದು ನನಗೆ ಗೊತ್ತಿತ್ತು. ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ ಅದು. ಆಗಿನ ಆದಾಯ ತೆರಿಗೆ ಕಾಯ್ದೆಯ 194ಸಿ ಸೆಕ್ಷನ್, ಒಬ್ಬನೇ ವ್ಯಕ್ತಿ ಆದರೆ ಶೇ. 1, ಕಂಪನಿ ಆದರೆ ಶೇ. 2. ಧೈರ್ಯ ಬಂತು. ಫೈಲನ್ನು ಒಂದು ಇಂಚು ಸಡಿಲ ಮಾಡಿದೆ.

ಮೇಡಂ ಹಾಳೆ ತಿರುಗಿಸಿದರು. ಮುಖ ಅರಳಿತು. "ಓ, ಭರತನಾಟ್ಯ! ಎಷ್ಟು ವರ್ಷ ಕಲಿತ್ರಿ?"

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಹಳೇ ಫೈಲಿನ ಹವ್ಯಾಸದ ಸಾಲನ್ನು ಹೊಸ ರೆಸ್ಯೂಮೆಗೆ ಯೋಚನೆ ಮಾಡದೆ ಹಾಗೇ ನೋಡಿ ಟೈಪ್ ಮಾಡಿದ್ದೆ. ಪುಸ್ತಕ ಓದುವುದು, ಹಾಡು ಕೇಳುವುದು, ಭರತನಾಟ್ಯ. ನನಗಿಂತ ಮುಂಚೆ ಅಂಗಡಿಗೆ ಬಂದಿದ್ದ ಯಾವ ತಂಗಿಯದೋ ಏನೋ. ಮೇಡಂ ಮುಂದುವರಿಸಿದರು. "ನಾನು ಹತ್ತು ವರ್ಷ ಕಲಿತಿದ್ದೀನಿ. ನೀವು ಪಂದನಲ್ಲೂರಾ, ಮೈಸೂರು ಶೈಲಿನಾ?"

"ತಿಪಟೂರು ಮೇಡಂ" ಎಂದೆ.

ಒಂದು ಕ್ಷಣ ಇಬ್ಬರೂ ಸುಮ್ಮನಾದರು. ಆಮೇಲೆ ನಾನೇ "ಮಾಡೋದಲ್ಲ ಮೇಡಂ, ನೋಡೋದು" ಎಂದು ಸೇರಿಸಿದೆ. ಯಾವಾಗ ನೋಡಿದ್ದೆ ಎಂದು ಪುಣ್ಯಕ್ಕೆ ಅವರು ಕೇಳಲಿಲ್ಲ.

ಅಷ್ಟರಲ್ಲಿ ಸರ್ ಬಾಯಿಬಿಟ್ಟರು. "ನಮ್ಮ ತಾಯಿ ತವರು ನಿಮ್ಮ ತಾಲ್ಲೂಕಿನ ನೊಣವಿನಕೆರೆ ಕಣ್ರೀ. ಇನ್ನೂರು ಜನರ ಪಟ್ಟಿ ನೋಡ್ತಾ ಇದ್ದೆ. ತಿಪಟೂರು ಅಂತ ಕಂಡ ತಕ್ಷಣ ಯಾರಪ್ಪ ಇವನು ಅಂತ ತೆಗೆದೆ." ನಾನು ನೆಟ್ಟಗೆ ಕೂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಕೊಬ್ಬರಿ ಈಗ ಕ್ವಿಂಟಲ್‌ಗೆ ಎಷ್ಟಿದೆ?"

ಹುಟ್ಟಿದಾಗಿನಿಂದ ಎಪಿಎಂಸಿ ಯಾರ್ಡಿನ ಮುಂದೆಯೇ ಓಡಾಡಿದ್ದೇನೆ. ಹರಾಜಿನ ದಿನ ಸಂಜೆ ಅಪ್ಪ ಊಟಕ್ಕೆ ಕೂತಾಗ ರೇಟು ಹೇಳದೆ ತುತ್ತು ಎತ್ತಿದ್ದಿಲ್ಲ. ಆದರೂ ಗೊತ್ತಿರಲಿಲ್ಲ. "ಮನೇಲಿ ಕೇಳಿ ಹೇಳ್ತೀನಿ ಸರ್" ಎಂದೆ. ಅವರು ನಿಜಕ್ಕೂ "ಕೇಳಿ" ಎಂದು ಕಾಯುತ್ತಾ ಕೂತರು. ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿದೆ. ಅಪ್ಪ ರೇಟು ಹೇಳಿದರು, ಹೋದ ವಾರದ್ದೂ ಹೇಳಿದರು, ಯಾಕೆ ಇಳಿಯಿತು ಎಂದೂ ಹೇಳಿದರು. ಸರ್ ಫೋನನ್ನು ತಾವೇ ಇಸ್ಕೊಂಡು ಇನ್ನೂ ನಾಲ್ಕು ಮಾತು ಕೇಳಿದರು. ನನ್ನ ಇಂಟರ್‌ವ್ಯೂದ ಉತ್ತಮ ಭಾಗ ಅದೇ. ಅದರಲ್ಲಿ ನಾನು ಇರಲಿಲ್ಲ.

ಹತ್ತು ದಿನಕ್ಕೆ ಆಫರ್ ಬಂತು. ಅಪ್ಪ ಸುದ್ದಿ ಕೇಳಿ, ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಕಿವಿ ಕೊಟ್ಟು ಕೇಳಿದರು.

ಆಫೀಸಿನಲ್ಲಿ ಐಡಿ ಕಾರ್ಡು, ಇಮೇಲು, ಟೀ ಲೋಟ ಎಲ್ಲದರ ಮೇಲೂ ತಿಪಟೂರು. ಅಮ್ಮ ಇಟ್ಟ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಮೂರು ತಿಂಗಳ ಮೇಲೆ ಅಪ್ಪ ಒಂದು ದಿನ ಹೇಳದೆ ಕೇಳದೆ ಬಂದರು, ಸಾರ್‌ಗೆ ಕೊಡಲು ಒಂದು ಚೀಲ ಕೊಬ್ಬರಿ ಹೊತ್ತುಕೊಂಡು. ಗೇಟಿನಲ್ಲಿ ನನ್ನ ಹೆಸರು ಹೇಳಿದ್ದಾರೆ. ಆ ಹೆಸರಿನವರು ಇಲ್ಲ ಎಂದಿದ್ದಾರೆ. ಇದ್ದಾನೆ ಎಂದು ಇವರು, ಇಲ್ಲ ಎಂದು ಅವರು, ಹೀಗೇ ಮುಕ್ಕಾಲು ಗಂಟೆ. ಕೊನೆಗೆ ಸೆಕ್ಯೂರಿಟಿಯವನು ಸಾಕಾಗಿ "ಯಜಮಾನ್ರೇ, ನೀವು ಎಲ್ಲಿಂದ ಬಂದಿದೀರ, ಅದನ್ನಾದ್ರೂ ಹೇಳಿ" ಎಂದಿದ್ದಾನೆ.

"ತಿಪಟೂರು."

"ಅಯ್ಯೋ, ಅದನ್ನ ಮೊದಲೇ ಹೇಳ್ಬಾರ್ದಾ! ಮೂರನೇ ಮಹಡಿ."

ನಾನು ಕೆಳಗೆ ಓಡಿ ಬರುವ ಹೊತ್ತಿಗೆ ಅಪ್ಪ ಚೀಲದ ಮೇಲೆ ಕೂತು ವಿಸಿಟರ್ ರಿಜಿಸ್ಟರ್ ತುಂಬುತ್ತಿದ್ದರು. ಎಲ್ಲಿಂದ ಬಂದವರು ಎಂಬ ಮನೆಯಲ್ಲಿ ತಿಪಟೂರು ಎಂದು ಬರೆದಿದ್ದರು. ಯಾರನ್ನು ನೋಡಬೇಕು ಎಂಬ ಮನೆಗೆ ಬಂದು ನನ್ನ ಮುಖ ನೋಡಿದರು. ಆಮೇಲೆ ಮೇಲಿನ ಪದದ ಕೆಳಗೆ ಎರಡು ಚುಕ್ಕಿ ಇಟ್ಟು 'ಸದರಿ' ಎಂದು ಬರೆದರು.