ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು

ಹೆಚ್ಚು ಓಡಿಸದೆ ನಿಲ್ಲಿಸಿಡುವ ಕಾರನ್ನು ನೋಡಿಕೊಳ್ಳುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ದಿನಾ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಟ್ಟರೆ ಸಾಕು ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಇಂಜಿನ್ ಆಯಿಲ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ ತಣ್ಣಗಿದ್ದರೆ ಅದು ಹನಿಯಾಗಿ ಆಯಿಲ್ ಜೊತೆ ಸೇರುತ್ತದೆ, ಸೈಲೆನ್ಸರ್ ಒಳಗೂ ನಿಲ್ಲುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಒಳಗಡೆ ಕೆನೆಯ ಹಾಗೆ ಬಿಳಿ ಜಿಡ್ಡು ಕೂತಿದ್ದರೆ ಹೆಚ್ಚಾಗಿ ಇದೇ ಕಾರಣ. ಜೊತೆಗೆ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಕೂಡ ಕಡಿಮೆಯಾಗುತ್ತಿದ್ದರೆ ಮಾತ್ರ ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

ಸುಮ್ನೆ ನಿಲ್ಲಿಸಿ ಪೆಟ್ರೋಲ್ ಸುಡುವ ಬದಲು ವಾರಕ್ಕೊಮ್ಮೆ 20-30 ನಿಮಿಷ ರಸ್ತೆಯಲ್ಲಿ ಓಡಿಸಿ. ಬ್ಯಾಟರಿ, ಬ್ರೇಕ್, ಟೈರ್ ಎಲ್ಲಕ್ಕೂ ಒಳ್ಳೆಯದು. ಕಿಲೋಮೀಟರ್ ಆಗಿಲ್ಲ ಅಂತ ಆಯಿಲ್ ಹಾಗೇ ಬಿಡಬೇಡಿ, ವರ್ಷಕ್ಕೊಮ್ಮೆ ಬದಲಿಸಲೇಬೇಕು.

ತಿಂಗಳುಗಟ್ಟಲೆ ನಿಲ್ಲಿಸುವವರು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಚಕ್ರ ಹಿಡಿದುಕೊಳ್ಳುವುದುಂಟು. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಸಾಕು. ವಾಪಸ್ ಬಂದಾಗ ಮೊದಲು ಬಾನೆಟ್ ತೆಗೆದು ಇಲಿ ವೈರ್ ಕಡಿದಿದೆಯಾ ಅಂತ ನೋಡಿ, ಆಮೇಲೆ ಕೀ ತಿರುಗಿಸಿ.